ನಿಮಗಿದು ಗೊತ್ತೆ? ಮಜ್ಲಿಸ್‌ನ ಬಾಗಿಲು, ಮಹಿಳೆಯ ಉದ್ಯಮ
ದೋಹಾ ಬಳಿಯ ಐನ್ ಖಾಲಿದ್‌ನಂಥ ಬಡಾವಣೆಗಳ ಕತಾರಿ ಮನೆಗಳಲ್ಲಿ, ಗಂಡಸರು ಅತಿಥಿಗಳನ್ನು ಕೂರಿಸಿ ಕಾಫಿ, ಖರ್ಜೂರ ನೀಡುವ ‘ಮಜ್ಲಿಸ್’ ಎಂಬ ಕೋಣೆಗೆ ಸಾಮಾನ್ಯವಾಗಿ ಬೇರೆಯೇ ಬಾಗಿಲಿರುತ್ತದೆ. ವ್ಯವಹಾರದ ಪರಿಚಯಗಳೂ ಅಲ್ಲಿ ಬೆಳೆಯುವುದರಿಂದ, ಎಷ್ಟೇ ಓದಿದ್ದರೂ ಮಹಿಳೆಯರು ಆ ನಂಟಿನಿಂದ ಬಹುಮಟ್ಟಿಗೆ ಹೊರಗುಳಿಯುತ್ತಾರೆ. ಆದರೆ ಇದೇ ಪ್ರತ್ಯೇಕತೆ ಒಂದು ಅವಕಾಶವನ್ನೂ ತೆರೆಯಿತೆಂಬುದು ಗಮನಾರ್ಹ: ಶೇಖಾ ಹನಾದಿ ಬಿಂತ್ ನಾಸರ್ ಅಲ್ ಥಾನಿ ಅವರು 1998ರಲ್ಲಿ ಮಹಿಳೆಯರಿಗೆಂದೇ ಕಟ್ಟಿದ ಹೂಡಿಕೆ ಸಂಸ್ಥೆ, ಮುಂದೆ ‘ಅಮ್ವಾಲ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಸೇವೆ ನೀಡುವಷ್ಟು ಬೆಳೆಯಿತು. 1978ರಲ್ಲಿ ಬೆಂಗಳೂರಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಕಂಪನಿಯನ್ನು ಆರಂಭಿಸಿದ ಕಿರಣ್ ಮಜುಂದಾರ್ ಷಾ ಅವರಿಗೆ ಅಂಥ ಪ್ರತ್ಯೇಕ ದಾರಿಯೂ ಇರಲಿಲ್ಲ. ಹೆಣ್ಣೆಂಬ ಕಾರಣಕ್ಕೆ ಸಾಲ ಕೊಡಲು ಬ್ಯಾಂಕುಗಳು, ಕೆಲಸಕ್ಕೆ ಸೇರಲು ಜನರು ಹಿಂಜರಿದರು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕೆಂದು ಭಾರತದ ಕಂಪನಿ ಕಾಯ್ದೆ ಹೇಳಿದ್ದು ಬಹಳ ತಡವಾಗಿ, 2013ರಲ್ಲಿ.