ಪ್ಯಾಟಿ, ಲೆನ್ನಿ ಮತ್ತು ಆ ಪುಟ್ಟ ವೇದಿಕೆ
ಎಪ್ಪತ್ತರ ದಶಕದ ನ್ಯೂಯಾರ್ಕ್. ಊರಿನ ಬೊಕ್ಕಸ ಬರಿದು, ಆದರೆ ಬಾಡಿಗೆ ಅಗ್ಗ. ಕಾಸಿಲ್ಲದ ಕವಿಗೂ ಒಂದು ಕೋಣೆ ಸಿಗೋದು. ಅದಿಲ್ಲದಿದ್ದರೆ ಅಲ್ಲಿನ ಪಂಕ್ ಸಂಗೀತ ಹುಟ್ಟುತ್ತಲೇ ಇರಲಿಲ್ಲ.

ಗಿಟಾರ್ ವಾದಕ ಲೆನ್ನಿ ಕೇ ಬ್ಲೀಕರ್ ಸ್ಟ್ರೀಟಿನ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಕವಿ, ಗಾಯಕಿ ಪ್ಯಾಟಿ ಸ್ಮಿತ್ ಅಲ್ಲಿಗೆ ಬರೋರು. ಹಳೇ ಹಾಡು ಹಾಕಿಕೊಂಡು ಇಬ್ಬರೂ ಅಂಗಡಿಯಲ್ಲೇ ಕುಣಿಯೋರು! ಆ ದಿನಗಳನ್ನು ಇಬ್ಬರೂ ಪ್ರೀತಿಯಿಂದ ನೆನೆದಿದ್ದಾರೆ. 1971ರ ಫೆಬ್ರವರಿ, ಸೇಂಟ್ ಮಾರ್ಕ್ಸ್ ಚರ್ಚ್: ಪ್ಯಾಟಿ ಕವಿತೆ ಓದಿದರು, ಲೆನ್ನಿ ಗಿಟಾರ್ ನುಡಿಸಿದರು.

ಆಮೇಲೆ ಬವರಿ ರಸ್ತೆಯ ಸಿಬಿಜಿಬಿ ಕ್ಲಬ್. ರಮೋನ್ಸ್, ಬ್ಲಾಂಡಿ, ಟಾಕಿಂಗ್ ಹೆಡ್ಸ್ ಬ್ಯಾಂಡಿನವರು, ಎಲ್ಲರೂ ಅದೇ ಪುಟ್ಟ ವೇದಿಕೆಯಲ್ಲಿ ಬೆಳೆದವರು. 2006ರಲ್ಲಿ ಅದು ಮುಚ್ಚಿದಾಗ ಕೊನೆಯ ಕಾರ್ಯಕ್ರಮ ಪ್ಯಾಟಿ ಮತ್ತು ಲೆನ್ನಿಯದ್ದೇ. ತೀರಿಹೋದ ಗೆಳೆಯರ ಹೆಸರುಗಳನ್ನು ಪ್ಯಾಟಿ ಒಂದೊಂದಾಗಿ ಓದಿದರು.

ಪ್ಯಾಟಿಯ 1975ರ 'ಹಾರ್ಸಸ್' ಆಲ್ಬಂ ಇವತ್ತೇ ಪೂರ್ತಿ ಕೇಳಿ. ಗಿಟಾರ್ ಲೆನ್ನಿಯದು.