ನೆಲದಡಿಯ ರೈಲು ಮತ್ತು ನಮ್ಮ ಅಂಜಿಕೆ

ಆಹಾರ ನಿದ್ರೆಗಳಂತೆ ಭಯವೂ ಪ್ರಾಣಿಮಾತ್ರಕ್ಕೆ ಸಹಜವಾದುದು. ಭಯವಿಲ್ಲದ ಜಿಂಕೆ ಹುಲಿಯ ಬಾಯಿಗೆ ಬೀಳುತ್ತದೆ. ಭಯವಿಲ್ಲದ ಮಗು ಉರಿಯುವ ಒಲೆಗೆ ಕೈಯಿಡುತ್ತದೆ. ಆದುದರಿಂದ ಭಯವನ್ನು ಕೇವಲ ದೌರ್ಬಲ್ಯವೆಂದು ಹಳಿಯುವುದು ಸರಿಯಲ್ಲ. ಆದರೆ ಮನೆ ಕಾಯಬೇಕಾದ ನಾಯಿ ಮನೆಯವರನ್ನೇ ಬೊಗಳಿ ಬಾಗಿಲಲ್ಲಿ ತಡೆದರೆ ಹೇಗೋ, ಹಾಗೆ ನಮ್ಮನ್ನು ಕಾಯಬೇಕಾದ ಭಯವೇ ಕೆಲವೊಮ್ಮೆ ನಮ್ಮ ದಾರಿಗೆ ಅಡ್ಡ ನಿಲ್ಲುವುದುಂಟು. ಅಂತಹ ಭಯಗಳಲ್ಲಿ ಒಂದಾದ, ನೆಲದಡಿಯ ರೈಲಿನಲ್ಲಿ ಪ್ರಯಾಣ ಮಾಡುವಾಗ ಉಂಟಾಗುವ ಅಂಜಿಕೆಯನ್ನು ಕುರಿತು ಈ ಲೇಖನದಲ್ಲಿ ವಿಚಾರ ಮಾಡಲು ಯತ್ನಿಸಿದ್ದೇನೆ.

ನಮ್ಮ ಊರಿಗೆ ನೆಲದ ಮೇಲಿನ ರೈಲೇ ಬಂದಿಲ್ಲ, ನೆಲದಡಿಯ ರೈಲಿನ ಮಾತು ನಮಗೇಕೆ ಎಂದು ಸಹಪಾಠಿಗಳು ನಗಬಹುದು. ಆದರೆ ಪದವಿ ಪಡೆದ ಮರುದಿನ ನಮ್ಮಲ್ಲಿ ಎಷ್ಟೋ ಮಂದಿ ಬಸ್ಸು ಹಿಡಿಯುವುದು ಬೆಂಗಳೂರಿಗೇ. 1984ರ ಅಕ್ಟೋಬರ್ 24ರಂದು ಕಲ್ಕತ್ತೆಯಲ್ಲಿ ಭಾರತದ ಮೊದಲ ಸುರಂಗ ರೈಲು ಓಡಿತು. 2016ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಿಂದ ಸಿಟಿ ರೈಲ್ವೆ ನಿಲ್ದಾಣದವರೆಗಿನ ಸುರಂಗಮಾರ್ಗ ತೆರೆಯಿತು. ದಕ್ಷಿಣ ಭಾರತಕ್ಕೆ ಅದೇ ಮೊದಲನೆಯದು. ಎಂ.ಜಿ. ರಸ್ತೆಯಲ್ಲಿ ಮರಗಳ ಎತ್ತರದಲ್ಲಿದ್ದ ರೈಲು ಸ್ವಲ್ಪ ಹೊತ್ತಿನಲ್ಲೇ ನೆಲದೊಳಕ್ಕೆ ಜಾರುತ್ತದೆ. ಕಿಟಕಿಯಲ್ಲಿ ಕಾಣುತ್ತಿದ್ದ ಆಕಾಶ ಅಳಿಸಿಹೋಗಿ ನಮ್ಮ ಮುಖವೇ ಗಾಜಿನಲ್ಲಿ ಕಾಣುತ್ತದೆ. ಕೆಲವರಿಗೆ ಎದೆ ಹೊಡೆದುಕೊಳ್ಳಲು ಆರಂಭವಾಗುವುದು ಆ ಕ್ಷಣದಲ್ಲಿ.

ನಮ್ಮ ಬೀದಿಯ ಅಕ್ಕ ಒಬ್ಬಳು, ನಮ್ಮ ಕೇರಿಗೇ ಮೊದಲ ಪದವೀಧರೆ, ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ್ದಳು. ಒಂದು ಸಂಜೆ ರೈಲು ಸುರಂಗದ ನಡುವೆ ಎರಡು ನಿಮಿಷ ನಿಂತಿತಂತೆ. ಅವಳಿಗೆ ಉಸಿರು ಕಟ್ಟಿದಂತಾಗಿ, ಕೈ ಜೋಮು ಹಿಡಿದು, ಇನ್ನು ತಾನು ಉಳಿಯೆನೆಂದೇ ಅನ್ನಿಸಿತು. ಮರುದಿನದಿಂದ ಅವಳು ಬಸ್ಸಿಗೆ ಬದಲಾಯಿಸಿದಳು. ದಿನಕ್ಕೆ ಮೂರು ಗಂಟೆ ದಾರಿಯಲ್ಲೇ ಕಳೆಯತೊಡಗಿತು. ನಾಲ್ಕು ತಿಂಗಳಲ್ಲಿ ಕೆಲಸವನ್ನೇ ಬಿಟ್ಟು ಊರಿಗೆ ಬಂದಳು. ಊರಲ್ಲಿ ಕೆಲವರು ಗಾಳಿ ಸೋಕಿದೆ ಎಂದರು, ಕೆಲವರು ಪುಕ್ಕಲುತನ ಎಂದರು. ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಈ ಎರಡೂ ಮಾತು ಒಪ್ಪಿಗೆಯಾಗಲಿಲ್ಲ. ಹಾಗಾದರೆ ಅದು ಏನು?

ಮೊದಲು, ನೆಲದಡಿಗೆ ಇಳಿಯಲು ಮನುಷ್ಯ ಅಂಜುವುದೇಕೆ ಎಂಬುದನ್ನು ನೋಡೋಣ. ಹಿಂದೆ ನಮ್ಮ ಹಳ್ಳಿಗಳಲ್ಲಿ ಜೋಳ ರಾಗಿಗಳನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಹುಕಾಲ ಮುಚ್ಚಿದ್ದ ಹಗೇವಿಗೆ ಒಮ್ಮೆಗೇ ಇಳಿಯಬಾರದೆಂದು ಹಿರಿಯರು ಬಲ್ಲರು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಧಾನ್ಯವೂ ಉಸಿರಾಡುತ್ತದೆ, ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಕುಗ್ಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಇಲ್ಲಿ ಅಂಜಿಕೆಯೇ ವಿವೇಕ. ನೆಲದೊಳಗೆ ಗಾಳಿಯಿಲ್ಲ, ಹೊರಬರುವ ದಾರಿ ಕಿರಿದು ಎಂಬ ತಿಳಿವಳಿಕೆ ನಮಗೆ ಅನುಭವದಿಂದ ಬಂದುದು.

ಜಗತ್ತಿನ ಮೊದಲ ನೆಲದಡಿಯ ರೈಲಿನ ಕಾಲದಲ್ಲಿಯೂ ಈ ಅಂಜಿಕೆಗೆ ಕಾರಣವಿತ್ತು. 1863ರ ಜನವರಿ 10ರಂದು ಲಂಡನ್ನಿನ ಪ್ಯಾಡಿಂಗ್‌ಟನ್‌ನಿಂದ ಫ್ಯಾರಿಂಗ್‌ಡನ್‌ವರೆಗೆ, ಸುಮಾರು ಆರು ಕಿಲೋಮೀಟರು, ಮೆಟ್ರೋಪಾಲಿಟನ್ ರೈಲು ಸಾರ್ವಜನಿಕರಿಗೆ ತೆರೆಯಿತು. ಮೊದಲ ದಿನವೇ ಸುಮಾರು 38 ಸಾವಿರ ಜನ ಹತ್ತಿದರು. ಆದರೆ ಎಳೆಯುತ್ತಿದ್ದುದು ಉಗಿಯಂತ್ರ. ಡಬ್ಬಿಗಳಲ್ಲಿ ಉರಿಯುತ್ತಿದ್ದುದು ಅನಿಲದ ದೀಪ. ಹೊಗೆ, ಗಂಧಕದ ವಾಸನೆ, ಮಸಿ ಇವುಗಳ ನಡುವೆ ಪ್ರಯಾಣಿಕರು ಕೆಮ್ಮುತ್ತ ಹೋಗಬೇಕಾಗಿತ್ತು. 1890ರಲ್ಲಿ ಅದೇ ನಗರದಲ್ಲಿ ಆಳದ ಕೊಳವೆಯಂತಹ ಸುರಂಗದಲ್ಲಿ ವಿದ್ಯುತ್ ರೈಲು ಓಡಿತು, ಹೊಗೆ ಹೋಯಿತು. ಆದರೆ ಸುರಂಗದಲ್ಲಿ ನೋಡುವುದೇನಿದೆ ಎಂದು ಆ ಡಬ್ಬಿಗಳಿಗೆ ಕಿಟಕಿಯ ಬದಲು ಮೇಲುಗಡೆ ಸಣ್ಣ ಗಾಜಿನ ಸೀಳುಗಳನ್ನಷ್ಟೇ ಇಟ್ಟರು. ಜನ ಅವುಗಳಿಗೆ ಮೆತ್ತೆ ಹಾಕಿದ ಸೆರೆಕೋಣೆಗಳೆಂದು ಅಡ್ಡಹೆಸರಿಟ್ಟರು. ಮುಂದೆ ಬಂದ ಡಬ್ಬಿಗಳಿಗೆ ದೊಡ್ಡ ಕಿಟಕಿಗಳು ಬಂದವು. ನೋಡಲು ಏನೂ ಇಲ್ಲದಿದ್ದರೂ ಮನುಷ್ಯನಿಗೆ ಕಿಟಕಿ ಬೇಕು! ಇದೇ ಸುಮಾರಿನಲ್ಲಿ, 1879ರಲ್ಲಿ, ಪ್ಯಾರಿಸ್ಸಿನ ವೈದ್ಯ ಬೆಂಜಮಿನ್ ಬಾಲ್ ಎಂಬಾತ ಮುಚ್ಚಿದೆಡೆಯ ಭಯಕ್ಕೆ ಕ್ಲಾಸ್ಟ್ರೋಫೋಬಿಯಾ ಎಂಬ ಹೆಸರನ್ನು ಕೊಟ್ಟನು.

ಅಪಘಾತಗಳೇ ಆಗಿಲ್ಲವೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. 1903ರ ಆಗಸ್ಟ್ 10ರಂದು ಪ್ಯಾರಿಸ್ಸಿನ ಮೆಟ್ರೋದಲ್ಲಿ ಬೆಂಕಿ ಹತ್ತಿ, ದೀಪಗಳು ಆರಿ, ಕತ್ತಲೆಯಲ್ಲಿ ಹೊಗೆಗೆ ಸಿಕ್ಕಿ 84 ಜನ ಸತ್ತರು. 1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ, ಮರದ ಚಲಿಸುವ ಮೆಟ್ಟಿಲಿನ ಕೆಳಗೆ ಬಿದ್ದ ಒಂದು ಬೆಂಕಿಕಡ್ಡಿಯಿಂದ ಹೊತ್ತಿದ ಕಿಚ್ಚು 31 ಜನರನ್ನು ಬಲಿ ತೆಗೆದುಕೊಂಡಿತು. 2005ರ ಜುಲೈ 7ರಂದು ಅದೇ ನಗರದ ಮೂರು ಸುರಂಗ ರೈಲುಗಳಲ್ಲೂ ಒಂದು ಬಸ್ಸಿನಲ್ಲೂ ಬಾಂಬುಗಳು ಸಿಡಿದು 52 ಮಂದಿ ಅಮಾಯಕರು ಸತ್ತರು. ಇವನ್ನು ಮರೆಯಲಾಗದು. ಆದರೆ ಒಂದೊಂದು ದುರಂತವೂ ಒಂದೊಂದು ಪಾಠವನ್ನು ಕಲಿಸಿತು. ಪ್ಯಾರಿಸ್ಸಿನಲ್ಲಿ ದೀಪದ ವಿದ್ಯುತ್ತನ್ನು ರೈಲು ಎಳೆಯುವ ವಿದ್ಯುತ್ತಿನಿಂದ ಬೇರ್ಪಡಿಸಿದರು. ಹೊರದಾರಿಗೆ ಬೆಳಗುವ ಫಲಕ ಹಾಕಿದರು. ಲಂಡನ್ನಿನಲ್ಲಿ ಮರದ ಮೆಟ್ಟಿಲುಗಳನ್ನು ತೆಗೆಸಿದರು; ಸಿಬ್ಬಂದಿಗೆ ಬೆಂಕಿಯನ್ನು ಎದುರಿಸುವ ತರಬೇತಿ ಕೊಟ್ಟರು. ಇಂದಿನ ಸುರಂಗಗಳಲ್ಲಿ ದೊಡ್ಡ ಪಂಖಗಳು ಹೊರಗಿನ ಗಾಳಿಯನ್ನು ಒಳಕ್ಕೆ ತರುತ್ತವೆ, ಹೊಗೆಯಾದರೆ ಹೊರಕ್ಕೆ ತಳ್ಳುತ್ತವೆ. ಬೆಂಗಳೂರಿನಲ್ಲಿ ಹೋಗುವ ದಾರಿಗೊಂದು, ಬರುವ ದಾರಿಗೊಂದು ಬೇರೆ ಬೇರೆ ಸುರಂಗಗಳಿವೆ. ಡಬ್ಬಿಯಿಂದಲೇ ಚಾಲಕನೊಡನೆ ಮಾತನಾಡುವ ಗುಂಡಿಯಿದೆ. ಮುಂದಿನ ರೈಲು ನಿಲ್ದಾಣ ಬಿಡುವವರೆಗೆ ಹಿಂದಿನದನ್ನು ಸಿಗ್ನಲ್ ತಡೆದು ನಿಲ್ಲಿಸುತ್ತದೆ. ಸುರಂಗದಲ್ಲಿ ರೈಲು ನಿಂತಿತೆಂದರೆ ಅದು ಕೆಟ್ಟಿತೆಂದೇ ಅರ್ಥವಲ್ಲ. ಅನೇಕ ವೇಳೆ ಅದು ನಮ್ಮ ಕ್ಷೇಮಕ್ಕಾಗಿಯೇ ನಿಂತಿರುತ್ತದೆ.

ಇನ್ನೊಂದು ಮಾತು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಅಪಘಾತದಿಂದ ಸತ್ತವರು 1 ಲಕ್ಷ 68 ಸಾವಿರಕ್ಕೂ ಹೆಚ್ಚು. ಆದರೂ ನಾವು ತಲೆಗೆ ಹೆಲ್ಮೆಟ್ಟಿಲ್ಲದೆ ಮೂವರು ಒಂದೇ ಮೋಟಾರು ಸೈಕಲ್ಲಿನಲ್ಲಿ ಹಾಡುತ್ತ ಹೋಗುತ್ತೇವೆ! ಭಯವು ಅಪಾಯದ ಲೆಕ್ಕವನ್ನು ನೋಡಿ ಬರುವುದಿಲ್ಲ. ಲಗಾಮು ನಮ್ಮ ಕೈಯಲ್ಲಿದೆ, ಬೇಕೆಂದಾಗ ಇಳಿಯಬಹುದು ಎಂದು ತೋರಿದರೆ ಭಯ ಸುಮ್ಮನಿರುತ್ತದೆ. ಬಾಗಿಲು ಮುಚ್ಚಿತು, ಚಾಲಕ ಕಾಣನು, ಸುತ್ತ ಜನಸಂದಣಿ, ಇಳಿಯಲು ಬಾರದು ಎಂದಾದಾಗ ಅದು ಎದ್ದು ಕೂರುತ್ತದೆ. ಅದೇ ಸುರಂಗ ಇನ್ನೊಂದು ವೇಳೆಯಲ್ಲಿ ಆಸರೆಯಾಗಿ ಕಂಡದ್ದೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ, 1940ರ ಸೆಪ್ಟೆಂಬರಿನ ಒಂದು ರಾತ್ರಿ ಸುಮಾರು 1 ಲಕ್ಷ 77 ಸಾವಿರ ಜನ ಈ ನಿಲ್ದಾಣಗಳ ಕಟ್ಟೆಗಳ ಮೇಲೆ ಹಾಸಿಕೊಂಡು ಮಲಗಿದ್ದರು. ಅಲ್ಲಿಯೂ ಕೆಲವೆಡೆ ಬಾಂಬು ಬಿದ್ದು ಜನ ಸತ್ತರು, ನಿಜ. ಆದರೂ ಆಗ ಜನರ ಮನಸ್ಸಿಗೆ ಭಯವಿದ್ದುದು ಮೇಲೆ, ಅಭಯವಿದ್ದುದು ಕೆಳಗೆ.

ಈಗ ದೇಹದೊಳಗೆ ನಡೆಯುವುದನ್ನು ನೋಡೋಣ. ಅಪಾಯ ಎದುರಾದಾಗ ಪ್ರಾಣಿಯ ದೇಹ ಹೋರಾಡಲು ಇಲ್ಲವೆ ಓಡಲು ಅಣಿಯಾಗುತ್ತದೆಂಬುದನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿತ ಏರುತ್ತದೆ, ಮೈ ಬೆವರುತ್ತದೆ, ಉಸಿರು ಬಿರುಸಾಗುತ್ತದೆ. ಹೊಲದಲ್ಲಿ ಹಾವು ಕಂಡಾಗ ಇದೆಲ್ಲ ಉಪಯುಕ್ತವೇ, ಏಕೆಂದರೆ ನಾವು ಓಡುತ್ತೇವೆ. ಆದರೆ ರೈಲಿನಲ್ಲಿ ಕುಳಿತವನು ಎಲ್ಲಿಗೆ ಓಡಿಯಾನು? ಓಡದೆ ಕುಳಿತೇ ಬಿರುಸಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇರಬೇಕಾದುದಕ್ಕಿಂತ ಕಡಮೆಯಾಗುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತಿರುಗುತ್ತದೆ, ಬೆರಳು ತುಟಿಗಳು ಜೋಮು ಹಿಡಿಯುತ್ತವೆ. ವಿಚಿತ್ರವೆಂದರೆ, ಗಾಳಿ ಸಾಲದು ಎಂದು ಅವನಿಗೆ ಅನ್ನಿಸುವುದು ಗಾಳಿಯ ಕೊರತೆಯಿಂದಲ್ಲ, ಅತಿಯಾಗಿ ಉಸಿರಾಡಿದ್ದರಿಂದ. ಹಗೇವಿನಲ್ಲಿ ದೀಪ ನಿಜವಾಗಿ ಆರುತ್ತಿತ್ತು. ಇಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತಿದೆ, ಆರಿತೆಂದು ದೇಹ ಕೂಗಿಕೊಳ್ಳುತ್ತಿದೆ. ನಮ್ಮ ವೇದಾಂತಿಗಳು ಹೇಳುವ ಹಗ್ಗ ಹಾವಿನ ದೃಷ್ಟಾಂತ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಹಾವು ಸುಳ್ಳಾದರೂ ಅದನ್ನು ಕಂಡವನ ನಡುಕ ಸುಳ್ಳಲ್ಲ. ಆದುದರಿಂದ ಅವನನ್ನು ನೋಡಿ ನಗುವುದು ತರವಲ್ಲ.

ಈ ದಿಗಿಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ಆದರೆ ಅದು ಇಳಿಯುವ ಮೊದಲೇ ನಾವು ರೈಲಿನಿಂದ ಇಳಿದುಬಿಟ್ಟರೆ ತೊಡಕು ಆರಂಭವಾಗುತ್ತದೆ. ಇಳಿದೊಡನೆ ಹಾಯೆನಿಸುತ್ತದೆ, ‘ಇಳಿದುದರಿಂದ ಬದುಕಿದೆ’ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಮರುದಿನ ನಿಲ್ದಾಣದ ಮೆಟ್ಟಿಲಲ್ಲೇ ಭಯ, ಅದರ ಮರುದಿನ ಟಿಕೆಟ್ಟಿನ ಕಿಟಕಿಯಲ್ಲೇ ಭಯ. ಬೀದಿನಾಯಿಯನ್ನು ಕಂಡು ಓಡಿದರೆ ಅದು ಅಟ್ಟಿಸಿಕೊಂಡು ಬರುತ್ತದೆ, ನಿಂತರೆ ಮೂಸಿ ಹೋಗುತ್ತದೆ ಎಂಬುದನ್ನು ಹಳ್ಳಿಯಲ್ಲಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಬೀದಿಯ ಅಕ್ಕನ ಕೆಲಸವನ್ನು ಕಸಿದುಕೊಂಡದ್ದು ಸುರಂಗದಲ್ಲಿ ಕಳೆದ ಆ ಎರಡು ನಿಮಿಷವಲ್ಲ. ಅನಂತರ ಒಂದು ದಿನವೂ ಅದನ್ನು ಎದುರಿಸಿ ನೋಡಲು ಅವಳಿಗೆ ದಾರಿ ಹೇಳುವವರು ಇಲ್ಲದೆ ಹೋದದ್ದು.

ದಾರಿ ಇದೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ, ಮೊಲವನ್ನು ಕಂಡರೆ ಚೀರುತ್ತಿದ್ದ ಪುಟ್ಟ ಹುಡುಗನೊಬ್ಬನ ಭಯವನ್ನು ಬಿಡಿಸಿದ ಬಗೆಯನ್ನು ಪ್ರಕಟಿಸಿದರು. ಹುಡುಗ ತನಗೆ ಪ್ರಿಯವಾದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಡುವುದು, ದಿನದಿನಕ್ಕೂ ತುಸುತುಸುವೇ ಹತ್ತಿರ ತರುವುದು. ಕೊನೆಗೆ ಅವನು ಅದನ್ನು ಮುಟ್ಟಿ ಆಡಿಸಿದನು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ವೈದ್ಯ ಜೋಸೆಫ್ ವೋಲ್ಪಿ 1958ರ ತಮ್ಮ ಗ್ರಂಥದಲ್ಲಿ ಇದಕ್ಕೆ ಒಂದು ಕ್ರಮವನ್ನೇ ಕೊಟ್ಟರು: ಮೈಯನ್ನು ಸಡಿಲಬಿಡಲು ಕಲಿಯುವುದು, ಭಯಗಳನ್ನು ಸಣ್ಣದರಿಂದ ದೊಡ್ಡದರವರೆಗೆ ಏಣಿಯಂತೆ ಜೋಡಿಸುವುದು, ಒಂದೊಂದೇ ಮೆಟ್ಟಿಲು ಹತ್ತುವುದು.

ಸುರಂಗ ರೈಲಿಗೆ ಈ ಏಣಿಯನ್ನು ಹೀಗೆ ಕಟ್ಟಬಹುದು. ಮೊದಲ ದಿನ ಗೆಳೆಯನೊಡನೆ ನಿಲ್ದಾಣಕ್ಕೆ ಇಳಿದು ಹತ್ತಿಪ್ಪತ್ತು ನಿಮಿಷ ಬರಿದೇ ಕುಳಿತು, ಬಂದುಹೋಗುವ ರೈಲುಗಳನ್ನು ನೋಡುವುದು. ಅದು ಸಪ್ಪೆಯೆನಿಸಿದ ಮೇಲೆ ಜನ ಕಡಮೆಯಿರುವ ಹೊತ್ತಿನಲ್ಲಿ ಒಂದೇ ನಿಲ್ದಾಣದ ಪ್ರಯಾಣ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನಿಂದ ವಿಧಾನಸೌಧದ ನಿಲ್ದಾಣಕ್ಕೆ ಎರಡು ಮೂರು ನಿಮಿಷದ ಹಾದಿ. ಅನಂತರ ಮೆಜೆಸ್ಟಿಕ್‌ವರೆಗೆ; ಆಮೇಲೆ ಒಬ್ಬರೇ; ಕೊನೆಗೆ ಸಂಜೆಯ ನೂಕುನುಗ್ಗಲಿನಲ್ಲಿ. ದಿಗಿಲು ಬಂದರೆ ಅದರೊಡನೆ ಕುಸ್ತಿಗೆ ಇಳಿಯದೆ, ಉಸಿರನ್ನು ಒಳಗೆ ಎಳೆಯುವುದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತ, ಅದು ಏರಿ ಇಳಿಯುವುದನ್ನು ನೋಡುತ್ತ ಕೂರಬೇಕು. ಭಯವಿಲ್ಲದಾಗ ಹೋಗೋಣವೆಂದು ಕಾದು ಕುಳಿತರೆ ಹೋಗುವ ದಿನ ಬಾರದು. ಭಯವಿದ್ದಂತೆಯೇ ಹೋಗಿ, ಏನೂ ಆಗದೆ ಬಂದುದನ್ನು ದೇಹಕ್ಕೆ ಮತ್ತೆ ಮತ್ತೆ ತೋರಿಸಬೇಕು. ದೇಹ ಉಪದೇಶವನ್ನು ಕೇಳುವುದಿಲ್ಲ, ಅನುಭವವನ್ನು ಮಾತ್ರ ನಂಬುತ್ತದೆ. ಇದನ್ನು ನಾನು ನಮ್ಮ ಅಕ್ಕನಿಗೆ ಓದಿ ಹೇಳಿದೆ. ಅವಳು ಈಗ ಪುನಃ ಅರ್ಜಿ ಹಾಕುವ ಯೋಚನೆಯಲ್ಲಿದ್ದಾಳೆ.

ಪಕ್ಕದಲ್ಲಿ ಕುಳಿತವರಿಗೂ ಒಂದು ಕರ್ತವ್ಯವಿದೆ. ‘ಇದಕ್ಕೆಲ್ಲ ಯಾರಾದರೂ ಹೆದರುತ್ತಾರೆಯೇ?’ ಎಂದು ಅಣಕಿಸಬಾರದು. ಸುತ್ತ ಮುತ್ತಿಕೊಂಡು ಗದ್ದಲವನ್ನೂ ಮಾಡಬಾರದು. ‘ನಾನು ಜೊತೆಗಿದ್ದೇನೆ, ಇದು ಇಳಿದುಹೋಗುತ್ತದೆ’ ಎಂದು ಮೆಲ್ಲನೆ ಹೇಳಿ, ಅವರೊಡನೆ ನಿಧಾನವಾಗಿ ಉಸಿರಾಡಿದರೆ ಅದೇ ದೊಡ್ಡ ಉಪಕಾರ. ಆದರೆ ಎದೆನೋವು, ಮೂರ್ಛೆ ಇದ್ದರೆ ಅದನ್ನು ಅಂಜಿಕೆಯೆಂದೇ ತಿಳಿದು ಸುಮ್ಮನಿರದೆ ಒಡನೆ ವೈದ್ಯರಿಗೆ ತೋರಿಸಬೇಕು. ಭಯವು ಬದುಕನ್ನೇ ಕಟ್ಟಿಹಾಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿದೆ; ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ; 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಗೆ 14416 ಸಂಖ್ಯೆಯಲ್ಲಿ ಬಿಟ್ಟಿಯಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜ್ವರಕ್ಕೆ ಔಷಧಿ ಕೇಳಲು ನಾಚದ ನಾವು ಇದಕ್ಕೆ ಏಕೆ ನಾಚಬೇಕು?

ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು. ಆ ದಿನವೂ ಎದೆ ಹೊಡೆದುಕೊಂಡಿತ್ತು. ಉಪನ್ಯಾಸಕರು ಹೆಸರು ಕೂಗಿದಾಗ ನಾಲಿಗೆ ಒಣಗಿತ್ತು. ಹಾಗೆಂದು ನಾವು ಮನೆಗೆ ಹಿಂದಿರುಗಲಿಲ್ಲ. ಮರುದಿನವೂ ಬಂದೆವು, ಅದರ ಮರುದಿನವೂ ಬಂದೆವು. ಭಯವು ಯಾವಾಗ ಹೋಯಿತೆಂದು ಈಗ ಕೇಳಿದರೆ ಯಾರಿಗೂ ನೆನಪಿಲ್ಲ. ನೆಲದಡಿಯ ರೈಲಿನ ಅಂಜಿಕೆಯೂ ಹೋಗುವುದು ಹೀಗೆಯೇ.