ತಿಥಿ ನೋಡಿ ತೆರೆಯುವ ಬಾಗಿಲು

ಶೀಗೆ ಹುಣ್ಣಿಮೆ ಕಳೆದು ಮೂರನೇ ದಿನ. ಬೆಳಿಗ್ಗೆ ಆರೂವರೆಗೆಲ್ಲ ನಾನು ಮಾಣಿಕಟ್ಟದ ಗಜನಿ ಕಟ್ಟೆಯ ಮೇಲೆ ನಿಂತಿದ್ದೆ. ಉಬ್ಬರದ ಉಪ್ಪುನೀರು ಮುಟ್ಟುವ ತಗ್ಗು ಗದ್ದೆಯೇ ಗಜನಿ. ಒಂದು ಬದಿಗೆ ಅಘನಾಶಿನಿಯ ಉಪ್ಪುನೀರು, ಇನ್ನೊಂದು ಬದಿಗೆ ಎದೆಯೆತ್ತರ ಬೆಳೆದು ತೆನೆಯ ಭಾರಕ್ಕೆ ವಾಲಿದ ಕಗ್ಗ ಭತ್ತ. ನಡುವೆ ಇದ್ದದ್ದು ನಾನು ನಿಂತಿದ್ದ ಮಣ್ಣಿನ ಕಟ್ಟೆ ಮಾತ್ರ. ಕಟ್ಟೆ ಒಂದು ಕಡೆ ಬಾಯಿಬಿಟ್ಟಲ್ಲಿ ಒಳಗಿನ ನೀರು ಸದ್ದು ಮಾಡುತ್ತ ನದಿಗೆ ಇಳಿಯುತ್ತಿತ್ತು. ಆ ಬಾಯಿಯ ಪಕ್ಕ, ನೀರಿನಿಂದ ಎತ್ತಿಟ್ಟ ಹಲಗೆಗಳ ಮೇಲೆ ಹಿರಿಯರೊಬ್ಬರು ತಲೆಗೆ ಪಂಚೆ ಸುತ್ತಿಕೊಂಡು ಕೂತಿದ್ದರು.

ಕುಮಟಾ ಸೀಮೆಯವರು ಆ ಬಾಯಿಗೆ ಜಂತ್ರಡಿ ಎನ್ನುತ್ತಾರೆ. ಎರಡು ಕಡೆ ಗಟ್ಟಿ ಕಂಬ, ಕಂಬದಲ್ಲಿ ಕೊರೆದ ಸಂದು, ಆ ಸಂದಿಗೆ ಒಂದರ ಮೇಲೊಂದು ಇಳಿಬಿಡುವ ಹಲಗೆ. ಯಂತ್ರವೆಂದರೆ ಇಷ್ಟೇ. ಆದರೆ ಈ ನಾಲ್ಕಾರು ಹಲಗೆ ಯಾವಾಗ ಏಳಬೇಕು, ಯಾವಾಗ ಇಳಿಯಬೇಕು ಎಂಬುದರ ಮೇಲೆ ಇಡೀ ಬಯಲಿನ ಅನ್ನ ನಿಂತಿದೆ. ನದಿ ಇಳಿದಾಗ ತೆರೆದು ಒಳಗಿನ ಮಳೆನೀರನ್ನು ಹೊರಗೆ ಬಿಡಬೇಕು. ನದಿ ಏರುವ ಮೊದಲೇ ಮುಚ್ಚಬೇಕು. ಮಳೆಗಾಲವಿಡೀ ದಿನಕ್ಕೆ ಎರಡು ಸಲ ಇದೇ ಕೆಲಸ. ಒಂದು ರಾತ್ರಿ ನಿದ್ದೆ ಜೋರಾದರೂ ಉಪ್ಪುನೀರು ಒಳಗೆ ಬಂದು ಕೂರುತ್ತದೆ.

"ಎಷ್ಟು ಹೊತ್ತಿಗೆ ಮುಚ್ತೀರಿ, ಅಜ್ಜಾ?" ಎಂದೆ.

"ಎಂಟೂವರೆಗೆ ನೀರು ತಿರುಗ್ತದೆ ತಮಾ. ಆಮೇಲೆ ನೋಡುವ."

ಅವರ ಕೈಯಲ್ಲಿ ಗಡಿಯಾರವಿರಲಿಲ್ಲ. ನಾನು ಫೋನು ತೆಗೆದು ತದಡಿ ಬಂದರಿನ ಉಬ್ಬರ ಇಳಿತದ ಪಟ್ಟಿ ನೋಡಿದೆ. ಎಂಟಕ್ಕೇ ಇಳಿತ ಮುಗಿಯುತ್ತದೆ ಎಂದಿತ್ತು. ಅಜ್ಜನ ಲೆಕ್ಕ ಅರ್ಧ ಗಂಟೆ ತಪ್ಪಿದೆ ಎಂದುಕೊಂಡೆ. ಎಂಟು ಕಳೆಯಿತು, ಎಂಟೂಕಾಲೂ ಆಯಿತು, ನೀರು ಇನ್ನೂ ಸಮುದ್ರದ ಕಡೆಗೇ ಹೋಗುತ್ತಿತ್ತು. ಎಂಟೂವರೆಗೆ ಒಂದೆರಡು ನಿಮಿಷವಿದ್ದಾಗ ಜಂತ್ರಡಿಯ ಮುಂದೆ ತೇಲುತ್ತಿದ್ದ ತೆಂಗಿನ ಸಿಪ್ಪೆಯೊಂದು ನಿಂತೇಬಿಟ್ಟಿತು. ಸ್ವಲ್ಪ ಹೊತ್ತು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆಮೇಲೆ ನಿಧಾನವಾಗಿ ನಮ್ಮ ಕಡೆಗೆ ಬರತೊಡಗಿತು. ಫೋನಿನ ಪಟ್ಟಿ ಅಳಿವೆಯ ಬಾಯಿಯದು. ಅಲ್ಲಿ ತಿರುಗಿದ ನೀರು ಕವಲುಗಳಲ್ಲಿ ಸುತ್ತಿ ಈ ಕಟ್ಟೆಗೆ ಮುಟ್ಟಲು ಇನ್ನಷ್ಟು ಹೊತ್ತು ಬೇಕು. ಆ ಅರ್ಧ ಗಂಟೆ ಯಾವ ಪಟ್ಟಿಯಲ್ಲೂ ಇಲ್ಲ.

ಅಂದಿನಿಂದ ನನಗೆ ಈ ಲೆಕ್ಕದ್ದೇ ಗುಂಗು. ಅಜ್ಜ ಹೇಳಿಕೊಟ್ಟದ್ದು ಸರಳ. ಅಮಾವಾಸ್ಯೆಗೂ ಹುಣ್ಣಿಮೆಗೂ ಮಧ್ಯಾಹ್ನದ ಊಟದ ಹೊತ್ತಿಗೆ ನದಿ ತುಂಬಿರುತ್ತದೆ, ನಡುರಾತ್ರಿಗೆ ಮತ್ತೊಮ್ಮೆ ತುಂಬುತ್ತದೆ. ಅಲ್ಲಿಂದ ಮುಂದೆ ತಿಥಿಗೆ ಎರಡು ಗಳಿಗೆಯಂತೆ ತಡ. ಗಳಿಗೆಗೆ 24 ನಿಮಿಷ, ಎರಡು ಗಳಿಗೆಗೆ 48. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ ಎಂದು ಶಾಲೆಯಲ್ಲಿ ಓದಿದ್ದೆವಲ್ಲ, ಅದೇ ಇದು. ತದಿಗೆಗೆ ಮೂರು ತಿಥಿ, ಆರು ಗಳಿಗೆ, ಅಂದರೆ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ. ತುಂಬು ನೀರು ನಡುರಾತ್ರಿಯಿಂದ ಎರಡೂವರೆಯ ಆಸುಪಾಸಿಗೆ ಜಾರುತ್ತದೆ. ಅಲ್ಲಿಂದ ಆರು ಗಂಟೆ ಕೂಡಿಸಿದರೆ ಬೆಳಗಿನ ಎಂಟೂವರೆ. ಅಷ್ಟಮಿಗೆ ಈ ಜಾರುವಿಕೆ ಆರು ಗಂಟೆ ದಾಟಿ, ಹುಣ್ಣಿಮೆಗೆ ನದಿ ತುಂಬಿದ್ದ ಹೊತ್ತಿಗೇ ಇಳಿತ ಬರುತ್ತದೆ. ಅಷ್ಟಮಿಯ ನೀರು ಮಂದ, ಹೆಚ್ಚು ಏರುವುದಿಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಸೂರ್ಯ ಚಂದ್ರರು ಒಂದೇ ಗೆರೆಯಲ್ಲಿ ಎಳೆಯುವ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಕಟ್ಟೆಗೆ ಅಪಾಯ.

ಮುಂಬೈ ಕಡೆಯ ಕೋಳಿ ಮೀನುಗಾರರು ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿ ಉಬ್ಬರದ ಹೊತ್ತು ಹೇಳುತ್ತಾರೆ. ತಿಥಿಗೆ ಮುಕ್ಕಾಲು ಗಂಟೆ, 45 ನಿಮಿಷ. ಹೆಚ್ಚು ಕಡಿಮೆ ಅದೇ ಉತ್ತರ. ಪಂಚಾಂಗವನ್ನು ಮದುವೆ ಮುಂಜಿಯ ಮುಹೂರ್ತಕ್ಕಷ್ಟೇ ತೆರೆಯುವ ಮನೆಯಲ್ಲಿ ಬೆಳೆದವನು ನಾನು. ಅದೇ ತಿಥಿಯಿಂದ ಒಂದು ಊರು ನದಿಯ ಬಾಗಿಲು ತೆರೆದು ಮುಚ್ಚುವುದನ್ನು ಕಂಡ ಮೇಲೆ ಗೋಡೆಯ ಕ್ಯಾಲೆಂಡರು ನನಗೆ ಬೇರೆಯಾಗಿಯೇ ಕಾಣುತ್ತಿದೆ. ಈಗ ಬೆಳಿಗ್ಗೆ ಎದ್ದ ಕೂಡಲೇ ಮಾಣಿಕಟ್ಟದಲ್ಲಿ ನೀರು ಎಲ್ಲಿದೆ ಎಂದು ಲೆಕ್ಕ ಹಾಕುತ್ತೇನೆ.

ಇನ್ನು ಕಗ್ಗ. ಒಂದು ತೆನೆ ಕಿತ್ತು ಅಂಗೈಯಲ್ಲಿಟ್ಟು ನೋಡಿದೆ. ಕರಿ ಕಗ್ಗದ ಹೊಟ್ಟು ಮಸಿ ಬಳಿದಂತೆ ಕಪ್ಪು, ಕಾಳಿನ ತುದಿಗೆ ಕೈಗೆ ಚುಚ್ಚುವ ಮೀಸೆ. ಉಗುರಿನಿಂದ ಸುಲಿದರೆ ಒಳಗೆ ಕೆಂಪು ಅಕ್ಕಿ. ಗಿಡದ ಬುಡಕ್ಕೆ ಬೆರಳು ತಾಗಿಸಿ ನಾಲಿಗೆಗೆ ಇಟ್ಟರೆ ಉಪ್ಪು. ಅಕ್ಕಿ ಅಗಿದರೆ ಉಪ್ಪಿನ ಸುಳಿವೂ ಇಲ್ಲ, ಹಾಲಿನಂಥ ಸಿಹಿ. ಬಿಳಿ ಕಗ್ಗವೂ ಇದೆ, ಆದರೆ ಉಪ್ಪಿಗೆ ಎದೆಕೊಡುವುದರಲ್ಲಿ ಕರಿಯದೇ ಮೇಲು ಎಂದು ಅಜ್ಜನ ಅಭಿಪ್ರಾಯ.

ಜೂನ್ ತಿಂಗಳ ಮಳೆ ಗಜನಿಯ ಉಪ್ಪನ್ನು ತೊಳೆದು ಹೊರಗೆ ಹಾಕಿದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ನಾಟಿ ಇಲ್ಲ, ಗೊಬ್ಬರ ಇಲ್ಲ, ಔಷಧ ಇಲ್ಲ. ನದಿ ಘಟ್ಟದಿಂದ ಹೊತ್ತು ತರುವ ಮೆಕ್ಕಲೇ ಗೊಬ್ಬರ. ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಕಗ್ಗ ಕೊಳೆಯುವುದಿಲ್ಲ, ನೀರಿನ ಜೊತೆ ತಾನೂ ಉದ್ದವಾಗುತ್ತದೆ. ಕೊಯ್ಲಿನಲ್ಲಿ ತೆನೆಯಷ್ಟನ್ನೇ ಕತ್ತರಿಸಿ ದಂಟನ್ನು ನೀರಲ್ಲೇ ಬಿಡುತ್ತಾರೆ. ದಂಟು ಕೊಳೆತು ಮೀನಿಗೆ, ಸೀಗಡಿಗೆ ಮೇವಾಗುತ್ತದೆ. ಆಗ ಜಂತ್ರಡಿಯ ಕೆಲಸ ತಿರುಗುಮುರುಗಾಗುತ್ತದೆ. ಉಬ್ಬರಕ್ಕೆ ತೆರೆದು ಉಪ್ಪುನೀರನ್ನೂ ಅದರ ಜೊತೆ ಬರುವ ಮರಿಗಳನ್ನೂ ಒಳಗೆ ಕರೆದುಕೊಳ್ಳಬೇಕು, ಇಳಿತಕ್ಕೆ ಬಾಯಿಗೆ ಬಲೆ ಕಟ್ಟಬೇಕು. ನಾಲ್ಕೈದು ತಿಂಗಳು ಅನ್ನ ಕೊಟ್ಟ ಗದ್ದೆ ಉಳಿದ ತಿಂಗಳು ಸಾರು ಕೊಡುತ್ತದೆ. ಶೆಟ್ಲಿ ಎಂಬ ಸೀಗಡಿ, ನೊಗಲಿ, ಕಾಗಳಸಿ ಮೀನು ಎಂದು ಅಜ್ಜ ಹೆಸರು ಹೇಳುವಾಗಲೇ ನನಗೆ ಹಸಿವಾಯಿತು.

ಕಷ್ಟವೂ ಇದೆ. ಜಂಬುಕೋಳಿಗಳ ಹಿಂಡು ಇಳಿದರೆ ಎಳೆ ದಂಟಿನ ಸಾಲು ಸಾಲೇ ಮಾಯ. ಇಳುವರಿ ಕಡಿಮೆ. ಕೆಸರಿಗೆ ಯಂತ್ರ ಇಳಿಯುವುದಿಲ್ಲ, ಸೊಂಟದವರೆಗಿನ ನೀರಿನಲ್ಲಿ ನಿಂತು ಕೊಯ್ಯಲು ಈಗಿನ ಮಕ್ಕಳು ಒಪ್ಪುವುದಿಲ್ಲ. ಪೇಟೆಯ ಸಾವಯವ ಅಂಗಡಿಗಳಲ್ಲಿ ಕಗ್ಗವನ್ನು ನಾನಾ ರೋಗಕ್ಕೆ ಮದ್ದು ಎಂಬಂತೆ ಮಾರುವುದನ್ನು ಕಂಡಿದ್ದೇನೆ. ಆ ಮಾತು ನನಗೆ ರುಚಿಸುವುದಿಲ್ಲ. ಬೆಳೆದವರು ಅದನ್ನು ಹೊಟ್ಟೆ ತುಂಬಲು ತಿಂದರು. ಕುಚ್ಚಿಗೆ ಮಾಡಿದ ಕಗ್ಗದ ಗಂಜಿ ಕುಡಿದರೆ ಮಧ್ಯಾಹ್ನದವರೆಗೆ ಹಸಿವು ಸುಳಿಯದು ಎಂಬುದೇ ಅದರ ಗುಣ, ಅಷ್ಟು ಸಾಕು.

ಇದು ಕುಮಟೆಯವರಷ್ಟೇ ಕಂಡುಕೊಂಡ ವಿದ್ಯೆಯಲ್ಲ. ಗೋವೆಯಲ್ಲಿ ಇಂಥ ನೆಲಕ್ಕೆ ಖಾಜನ್ ಎನ್ನುತ್ತಾರೆ, ಅಲ್ಲಿನ ಭತ್ತ ಕೊರ್ಗುಟ್. ಕೇರಳದಲ್ಲಿ ಪೊಕ್ಕಾಳಿ. ಪೊಕ್ಕಾಳಿಯ ಉಪ್ಪು ತಾಳುವ ಗುಣವನ್ನು ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೊಸ ತಳಿಗಳಿಗೆ ಬಳಸಿಕೊಂಡಿತು, ಪೊಕ್ಕಾಳಿಗೆ ಭೌಗೋಳಿಕ ಗುರುತೂ ಬಂತು. ಆ ಮನ್ನಣೆಯ ಕಾಲು ಭಾಗವಾದರೂ ನಮ್ಮ ಕಗ್ಗಕ್ಕೆ ಸಿಗಬೇಕಿತ್ತು.

ಹಳೆಯ ಕಾಲದಲ್ಲಿ ಕಟ್ಟೆಯ ಹೊಣೆ ಒಡೆಯರದಾಗಿತ್ತು. ಗೇಣಿದಾರರು ಮೈಮುರಿದು ಮಣ್ಣು ಹೊರುತ್ತಿದ್ದರು, ಹೊರಮೈಗೆ ಕಾಂಡ್ಲಾ ಗಿಡ ನೆಟ್ಟು ಬೇರಿನಿಂದ ಮಣ್ಣು ಹಿಡಿಸುತ್ತಿದ್ದರು. ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1948ರಲ್ಲಿ, ಇಂಥ ಉಪ್ಪು ನೆಲಗಳಿಗೆಂದೇ ಖಾರ್‌ಲ್ಯಾಂಡ್ ಕಾಯ್ದೆ ಬಂತು. ಮುಂದೆ ಕಲ್ಲಿನ ಕಟ್ಟೆಗಳು ಎದ್ದವು. 1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಅದು ಆಗಲೇಬೇಕಿದ್ದ ನ್ಯಾಯ. ಆದರೆ ಗದ್ದೆ ಹಂಚಿಕೆಯಾದಷ್ಟು ಸುಲಭವಾಗಿ ಕಟ್ಟೆ ಹಂಚಿಕೆಯಾಗಲಿಲ್ಲ. ಒಬ್ಬನ ಗದ್ದೆ ಉಳಿಯಬೇಕಾದರೆ ಎಲ್ಲರ ಕಟ್ಟೆಯೂ ಉಳಿಯಬೇಕು. ಎಲ್ಲರೂ ಕೂಡಿ ಕಾಯುವ ಕ್ರಮ ಉಳಿದ ಕಡೆ ಕಗ್ಗ ಉಳಿಯಿತು, ತಪ್ಪಿದ ಕಡೆ ಗಜನಿ ಬೀಳುಬಿತ್ತು.

ಆಮೇಲೆ ಸೀಗಡಿಯ ದುಡ್ಡು ಬಂತು. ಗಜನಿಗಳು ಗುತ್ತಿಗೆಗೆ ಹೋದವು. ಗುತ್ತಿಗೆದಾರನಿಗೆ ಬೇಕಾದದ್ದು ವರ್ಷವಿಡೀ ಉಪ್ಪುನೀರು, ಹಾಗಾಗಿ ಮಳೆಗಾಲದಲ್ಲೂ ಬಾಗಿಲು ತೆರೆದೇ ಇತ್ತು. ತೊಂಬತ್ತರ ದಶಕದ ನಡುವೆ ಬಿಳಿಚುಕ್ಕೆ ರೋಗ ದೇಶದ ಕರಾವಳಿಯುದ್ದಕ್ಕೂ ಸೀಗಡಿ ಕೆರೆಗಳನ್ನು ಖಾಲಿ ಮಾಡಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದ ಸೀಗಡಿ ಉದ್ಯಮಕ್ಕೆ ಕಡಿವಾಣ ಹಾಕಿತು. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳ ಅಟ್ಟದ ಮೇಲೆ ಬಿತ್ತನೆಗೆ ಕಗ್ಗವೇ ಉಳಿದಿರಲಿಲ್ಲ. ಮಾಣಿಕಟ್ಟದವರು ಬೀಜ ಬಿಡಲಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಅಂದು ಆ ತೆನೆಯನ್ನು ಅಂಗೈಯಲ್ಲಿ ಹಿಡಿಯಲು ಸಾಧ್ಯವಾಯಿತು.

ಇದೇ ಅಳಿವೆಯ ಸಾಣಿಕಟ್ಟೆಯಲ್ಲಿ ಇದೇ ನೀರಿಗೆ ಬೇರೆಯೇ ಬಾಳು. ಇಲ್ಲಿ ಮಳೆಗಾಲದಲ್ಲಿ ಉಪ್ಪನ್ನು ಹೊರಗಿಡಲು ಒದ್ದಾಡಿದರೆ, ಅಲ್ಲಿ ಬೇಸಿಗೆಯಲ್ಲಿ ಅದನ್ನೇ ಆಗರಕ್ಕೆ ಹಾಯಿಸಿ ಬಿಸಿಲಿಗೆ ಬಿಟ್ಟು ಹರಳುಗಟ್ಟಿಸುತ್ತಾರೆ. ಆಗರದಿಂದಲೇ ಆಗೇರರೆಂಬ ಸಮುದಾಯಕ್ಕೆ ಹೆಸರು ಬಂದಿದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದದ್ದು ಎಲ್ಲರಿಗೂ ಗೊತ್ತು. ಆ ಚಳವಳಿಯಲ್ಲೇ ಸಾವಿರಾರು ಜನ ಸಾಣಿಕಟ್ಟೆಯ ಆಗರಗಳಿಗೆ ನುಗ್ಗಿ ಲಾಠಿ, ಗುಂಡುಗಳಿಗೆ ಮೈಯೊಡ್ಡಿದ್ದು ಅಷ್ಟಾಗಿ ನೆನಪಾಗುವುದಿಲ್ಲ. ಗೋಕರ್ಣಕ್ಕೆ ಹೋಗುವವರು ಆ ಆಗರಗಳನ್ನು ದಾರಿಯ ಬದಿಯ ಬಿಳಿ ರಾಶಿಗಳೆಂದಷ್ಟೇ ಕಂಡು ಮುಂದೆ ಹೋಗುತ್ತಾರೆ.

ನೀರು ಇಳಿದಿದ್ದ ಹೊತ್ತಿನಲ್ಲಿ ಕಟ್ಟೆಯ ಆಚೆಯ ಮರಳುದಿಬ್ಬದ ಮೇಲೆ ಏಳೆಂಟು ಹೆಂಗಸರು ಸೀರೆ ಎತ್ತಿ ಕಟ್ಟಿ ಬಳಚು ಆರಿಸುತ್ತಿದ್ದರು. ಒಬ್ಬಾಕೆ ಕಾಲಿನ ಬೆರಳಿನಿಂದಲೇ ಕೆಸರಿನಲ್ಲಿ ತಡಕಿ, ಚಿಪ್ಪು ತಾಗಿದೊಡನೆ ಬಗ್ಗಿ ಎತ್ತಿ ಹಿಂದೆ ತೇಲುತ್ತಿದ್ದ ಪಾತ್ರೆಗೆ ಹಾಕುತ್ತಿದ್ದರು. ಪಾತ್ರೆಯ ಹಗ್ಗ ಅವರ ಸೊಂಟಕ್ಕೆ. ನೀರು ತಿರುಗಿತೆಂದು ಅಜ್ಜ ಇತ್ತ ಎದ್ದು ನಿಂತದ್ದೂ ಅತ್ತ ಅವರು ದಂಡೆಯ ಕಡೆ ಹೊರಟದ್ದೂ ಒಂದೇ ಗಳಿಗೆಯಲ್ಲಿ. ಯಾರೂ ಯಾರನ್ನೂ ಕೂಗಲಿಲ್ಲ.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿತು, 4,801 ಹೆಕ್ಟೇರ್. ಅಂಕಸಮುದ್ರ, ಮಾಗಡಿ ಕೆರೆಗಳೂ ಅದರ ಜೊತೆಗೇ ಸೇರಿದವು. ಇದೇ ತದಡಿಗೆ ಹಿಂದೊಮ್ಮೆ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಬರಬೇಕಿತ್ತು, ಜನ ಬಿಡಲಿಲ್ಲ. ಅದು ಬಂದಿದ್ದರೆ ಈ ಪಟ್ಟಿಯ ಮಾತೇ ಇರುತ್ತಿರಲಿಲ್ಲ. ಈಗ ಅಘನಾಶಿನಿಯನ್ನು ವೇದಾವತಿಗೆ ಜೋಡಿಸುವ ಪ್ರಸ್ತಾಪ ಬಂದಿದೆ. ಘಟ್ಟದ ಮೇಲಿನ ಶಿರಸಿ ಸೀಮೆಯವರು ಕಾಡಿನ ಚಿಂತೆಯಿಂದ ಎದ್ದು ನಿಂತಿದ್ದಾರೆ. ಘಟ್ಟದ ಕೆಳಗಿನ ಚಿಂತೆ ಸಿಹಿನೀರಿನದು. ಶಿರಸಿಯ ಕಾಡಿನಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಬರುವ ನೀರು ಇದು. ಮಳೆಗಾಲದಲ್ಲಿ ಸಮುದ್ರವನ್ನು ಹಿಂದಕ್ಕೆ ತಳ್ಳುವುದು ಈ ನೀರು. ಗಜನಿಗೆ ಮೆಕ್ಕಲು ತರುವುದೂ ಇದೇ, ಬಳಚಿಗೆ ಬೇಕಾದ ಉಪ್ಪು ಸಿಹಿಯ ಹದ ಕಾಯುವುದೂ ಇದೇ. ಸಮುದ್ರಕ್ಕೆ ಹೋಗುವ ನೀರು ವ್ಯರ್ಥ ಎಂದು ಬರೆಯುವವರನ್ನು ಒಂದು ತುಂಬು ಹುಣ್ಣಿಮೆಯ ದಿನ ಈ ಕಟ್ಟೆಯ ಮೇಲೆ ನಿಲ್ಲಿಸಬೇಕೆಂದು ನನಗೆ ಅನಿಸುತ್ತದೆ.

ತೆಂಗಿನ ಸಿಪ್ಪೆ ಈಗ ಜಂತ್ರಡಿಯ ಬಾಯಿಗೇ ಬಂದಿತ್ತು. ಅಜ್ಜ ಅದನ್ನು ಕಾಲಿನಿಂದ ಆಚೆ ತಳ್ಳಿ ಮೊದಲ ಹಲಗೆ ಇಳಿಸಿದರು. ಅಂಚಿಗೆ ಹುಲ್ಲು ಬೆರೆಸಿದ ಕೆಸರನ್ನು ಒತ್ತಿದರು. ಎರಡನೆಯದಕ್ಕೆ ನಾನು ಕೈಕೊಟ್ಟೆ. ಒದ್ದೆ ಹಲಗೆ ನಾನಂದುಕೊಂಡದ್ದಕ್ಕಿಂತ ಭಾರವಿತ್ತು. ನಾಲ್ಕನೆಯದು ಇಳಿದಾಗ ನೀರಿನ ಸದ್ದು ನಿಂತಿತು.

"ದೀಪಾವಳಿ ಅಮಾಸೆಗೆ ಬಾ ತಮಾ. ಕೊಯ್ಲು ಮುಗಿದಿರ್ತದೆ, ಬಾಗಿಲಿಗೆ ಬಲೆ ಕಟ್ತೇವೆ. ಶೆಟ್ಲಿ ತಿಂದು ಹೋಗು."

"ಎಷ್ಟು ಹೊತ್ತಿಗೆ ಬರಲಿ?"

"ಲೆಕ್ಕ ಹೇಳಿಕೊಟ್ಟೆನಲ್ಲ."

ಅಮಾವಾಸ್ಯೆ. ತಿಥಿಗೆ ಕೂಡಿಸುವುದು ಏನೂ ಇಲ್ಲ. ನಡುರಾತ್ರಿಗೆ ತುಂಬುತ್ತದೆ, ತಿರುಗಿದ ಮೇಲೆ ಬಲೆ. "ನಡುರಾತ್ರಿ ಕಳೆದು ಒಂದು ಗಂಟೆಗೆ," ಎಂದೆ.

ಅಜ್ಜ ಕೈಯ ಕೆಸರನ್ನು ನೀರಿನಲ್ಲಿ ತೊಳೆದುಕೊಂಡರು. "ಬ್ಯಾಟರಿ ತಕಂಡು ಬಾ," ಎಂದರು. "ಕಟ್ಟೆ ಜಾರ್ತದೆ."